ನಾಲ್ಕು ಬೆರಳು ಜಾಗ

ಬೆಳಿಗ್ಗೆ ನಲ್ಲಿ ನೀರು ಹಿಡಿದೆ, ಎಂಟು ಕೊಡ. ಬಾಗಿಲು ಸಾರಿಸಿ ರಂಗೋಲಿ ಇಟ್ಟೆ. ರಾಗಿ ಹಿಟ್ಟು ಜರಡಿ ಹಿಡಿದೆ. ಬಾಂಡ್ಲಿಗಳಿಗೆ ಅಂಟಿದ್ದ ಸಿಮೆಂಟು ಕೆರೆದೆ, ಹನ್ನೊಂದು. ಎರಡಕ್ಕೆ ತಳ ಹೋಗಿತ್ತು, ಪಕ್ಕಕ್ಕಿಟ್ಟೆ. ನೀರು ಕಾಸಿ ಅಕ್ಕನ ಕಾಲಿಗೆ ಎಣ್ಣೆ ತಿಕ್ಕಿದೆ. ಹೂವಿನ ಹಾರ, ನಾಲ್ಕು ನಿಂಬೆಹಣ್ಣು, ಒಂದು ಬೂದುಗುಂಬಳ ತಂದೆ. ಕಟ್ಟೆ ಒಡೆದೆವು. ಗಾಡಿ ಒಳಗೆ ಬಂತು. ಬೆಟ್ಟಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬಂದೆವು. ಅವರೆಕಾಯಿ ಅಕ್ಕನೇ ಸುಲಿದಿಟ್ಟಿದ್ದಳು.

ನನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ಪುಟದಲ್ಲಿರುವುದು ಇಷ್ಟೇ. ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಯಾವ ದಿನ ಯಾರ ಮನೆಯ ತಾರಸಿ, ಎಷ್ಟು ಮೂಟೆ ಸಿಮೆಂಟು, ಎಷ್ಟು ಆಳು ಅಂತ ಬರೆದಿಡಲು ನಮ್ಮ ಯಜಮಾನರು ತಂದುಕೊಟ್ಟ ಪುಸ್ತಕ ಅದು. ಬರೆಯುತ್ತಾ ಬರೆಯುತ್ತಾ ಅದರಲ್ಲಿ ನೀರು, ಹಿಟ್ಟು, ಅವರೆಕಾಯಿ ಎಲ್ಲ ಸೇರಿಕೊಂಡವು. ಬರೆಯದೆ ಬಿಟ್ಟದ್ದು ಒಂದು ಮಾತು ಮಾತ್ರ. ಅದನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ಮನೆ ಕೆಸರೆಯಲ್ಲಿ. ಯಜಮಾನರು ಮೇಸ್ತ್ರಿ. ತೊಂಬತ್ತರ ದಶಕದಲ್ಲಿ ಅವರು ಒಂದು ಕಾಂಕ್ರೀಟ್ ಮಿಕ್ಸರ್ ತಗೊಂಡರು. ಎರಡು ಚಕ್ರ, ಮೇಲೊಂದು ದೊಡ್ಡ ಹಂಡೆ, ಮುಂದಕ್ಕೆ ಎತ್ತಿನ ಗಾಡಿಗಿರುವಂಥ ಕಬ್ಬಿಣದ ಮೂಕಿ. ನಾವೆಲ್ಲ ಅದನ್ನು ಮಿಷನ್ನು ಅಂತಲೇ ಕರೆಯುತ್ತಿದ್ದೆವು. ಒಂದು ಹಳೆಯ ಜೀಪಿಗೆ ಅದರ ಮೂಕಿ ಸಿಕ್ಕಿಸಿ ತಾರಸಿ ಹಾಕುವ ಕಡೆಗೆಲ್ಲ ಎಳೆದುಕೊಂಡು ಹೋಗುತ್ತಿದ್ದರು. ಮಿಷನ್ನಿಗೆ ಕಾಯಿ ಒಡೆದು ಒಂದು ಸಲ ತಿರುಗಿಸಿದರೆ ತಾರಸಿ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ಅದು ಕಲಸಿದ ಕಾಂಕ್ರೀಟನ್ನು ಬಾಂಡ್ಲಿಯಲ್ಲಿ ತುಂಬಿ ಕೈಯಿಂದ ಕೈಗೆ, ತಲೆಯಿಂದ ತಲೆಗೆ ಮೇಲಕ್ಕೆ ಸಾಗಿಸುವವರು ಹೆಂಗಸರು. ನಮ್ಮಲ್ಲಿ ಒಂಬತ್ತು ಜನ ಇದ್ದರು. ಅವರ ಮುಂದಾಳು ಅಕ್ಕ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ನಮ್ಮ ಹಿಂದಿನ ಗಲ್ಲಿಯಲ್ಲಿ ಒಂದು ರೂಮಿನಲ್ಲಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ನಾನು ಹಳ್ಳಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನೂ ಕೆಲಸಕ್ಕೆ ಕರೆದುಕೊಂಡು ಹೋದವಳು ಅವಳು. ಹಳೇ ಸೀರೆಯ ತುಂಡು ಸುತ್ತಿ ಸಿಂಬಿ ಮಾಡುವುದು, ಬಾಂಡ್ಲಿ ತಲೆಗೇರಿದ ಮೇಲೆ ಕತ್ತನ್ನು ಹೇಗಿಟ್ಟುಕೊಳ್ಳಬೇಕು ಅನ್ನುವುದು, ಎಲ್ಲ ಅವಳೇ ಕಲಿಸಿದಳು.

"ಒರೋದು ತಲೆ ಅಲ್ಲ ಕಣವ್ವ, ಕಾಲು" ಅನ್ನುತ್ತಿದ್ದಳು. "ಅತ್ತುವಾಗ ಎಲ್ರೂ ಉಸಾರಾಗೇ ಇರ್ತಾರೆ. ಬೀಳೋದು ಇಳಿಯುವಾಗ."

ನನಗೆ ಸೊಂಟ ಹಿಡಿದುಕೊಂಡು ನಾನು ಕೆಲಸ ಬಿಟ್ಟೆ. ಮನೆಯಲ್ಲೇ ಇದ್ದು ಆಳುಗಳಿಗೆ ಟೀ ಕಾಯಿಸುವುದು, ಬುತ್ತಿ ಕಟ್ಟುವುದು, ಲೆಕ್ಕ ಬರೆಯುವುದು ನೋಡಿಕೊಂಡೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹೆಂಗಸರು ನಮ್ಮ ಮನೆ ಮುಂದೆ ಸೇರುತ್ತಿದ್ದರು. ಕೂರಲು ಜಾಗ ಇರಲಿಲ್ಲ. ಒಂದು ದಿನ ಯಾರದೋ ತಾರಸಿ ಮುಗಿದು ಮೂರು ಬಾಂಡ್ಲಿ ಕಾಂಕ್ರೀಟು ಉಳಿದಾಗ ಯಜಮಾನರು ಅದನ್ನು ಜೀಪಿನಲ್ಲಿ ತಂದು ಮನೆ ಗೋಡೆಗೆ ಒತ್ತಿ ಸುರಿದರು. ಇನ್ನೊಂದು ತಾರಸಿಯಿಂದ ಇನ್ನಷ್ಟು ಬಂತು. ಹೀಗೆ ಎಂಟೊಂಬತ್ತು ಮನೆಗಳ ಉಳಿಕೆಯಿಂದ ನಮ್ಮ ಕಟ್ಟೆ ಆಯಿತು. ಪಕ್ಕದಿಂದ ನೋಡಿದರೆ ಪದರ ಪದರ ಕಾಣುತ್ತಿತ್ತು, ಒಂದು ಬಿಳಿಚು, ಒಂದು ಕಪ್ಪು, ಒಂದರಲ್ಲಿ ಜಲ್ಲಿ ಹೆಚ್ಚು. ಅದರ ಬಾಗಿಲ ಕಡೆಯ ಮೂಲೆ ಅಕ್ಕನದು. ಅಲ್ಲಿ ಬೇರೆಯವರು ಕೂತರೆ ಅವಳೇನೂ ಅನ್ನುತ್ತಿರಲಿಲ್ಲ. ಟೀ ಲೋಟ ಹಿಡಿದು ಮುಂದೆ ನಿಲ್ಲುತ್ತಿದ್ದಳು, ಅವರೇ ಏಳುತ್ತಿದ್ದರು.

ಕೆಲಸ ಇಲ್ಲದ ದಿನವೂ ಅವಳು ಬಂದು ಅಲ್ಲಿ ಕೂರುತ್ತಿದ್ದಳು. ನಾನು ಸೊಪ್ಪು ಬಿಡಿಸುತ್ತಿದ್ದೆ, ಅವಳು ಊರಿನವರನ್ನೆಲ್ಲ ಬಿಡಿಸುತ್ತಿದ್ದಳು. ನನಗೆ ಆ ಕಟ್ಟೆ ಅಂದರೆ ಅಷ್ಟು ಆಸೆ. ನಮ್ಮ ಮನೆಯಲ್ಲಿ ನನ್ನದು ಅಂತ ಏನಾದರೂ ಇದ್ದರೆ ಅದೇ ಅನ್ನಿಸುತ್ತಿತ್ತು.

ಎರಡು ಸಾವಿರ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು, ಜೀಪು ಕೈಕೊಟ್ಟಿತು. ಹೊಸ ಬಡಾವಣೆಗಳು ದೂರ ದೂರ ಏಳುತ್ತಿದ್ದವು. ಮಿಷನ್ನನ್ನೂ ಎಳೆಯಬೇಕು, ಆಳುಗಳನ್ನೂ ಕೂರಿಸಿಕೊಂಡು ಹೋಗಬೇಕು, ಅಂಥ ಪಿಕಪ್ ಗಾಡಿ ಬೇಕಿತ್ತು. ಲಷ್ಕರ್ ಮೊಹಲ್ಲಾದಲ್ಲಿ ಹಳೇ ಗಾಡಿ ಮಾರುವ ಒಬ್ಬ ಸಾಹೇಬರ ಹತ್ತಿರ ಎರಡು ಇದ್ದವು. ಬಿಳಿಯದು ಅರ್ಧ ಟನ್ನಿನದು, ನೀಲಿಯದು ಮುಕ್ಕಾಲು ಟನ್ನಿನದು. ಬೆಲೆಯಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ನೀಲಿಯದು ಹೆಚ್ಚು ವರ್ಷ ಓಡಿತ್ತು.

"ಎಳೆಯೋಕೆ ಎರಡೂ ಎಳೀತಾವೆ ಮೇಸ್ತ್ರಿ" ಅಂದರು ಸಾಹೇಬರು. "ಕಾಲಿನ ಚಪ್ಪಲಿ ಇದ್ದಂಗೆ. ನೀವೇ ಹಾಕ್ಕೊಂಡು ನೋಡ್ಬೇಕು, ನಾನ್ ಹೇಳಿದ್ರೆ ಆಗಲ್ಲ."

ಒಂದು ಭಾನುವಾರ ಎರಡನ್ನೂ ಚಾಮುಂಡಿ ಬೆಟ್ಟದ ಬುಡಕ್ಕೆ ತಗೊಂಡು ಹೋದೆವು. ಹೆಂಗಸರೂ ಬಂದರು, ಅವರಿಗೆ ಅದು ತಿರುಗಾಟ. ನೀಲಿ ಗಾಡಿಯ ಹಿಂದೆ ಕೂತು, ಪುರಿ ತಿನ್ನುತ್ತಾ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಆಡಿಕೊಳ್ಳುತ್ತಾ ಬಂದರು. ಬೆಟ್ಟದ ರಸ್ತೆ ಹತ್ತುವ ಕಡೆ ಯಜಮಾನರು ಗಾಡಿ ನಿಲ್ಲಿಸಿ, "ಎಲ್ರೂ ಇಳ್ಕೊಳ್ರಮ್ಮ. ಗಾಡಿ ದಮ್ಮು ನೋಡ್ಬೇಕು" ಅಂದರು.

ಎಲ್ಲರೂ ಇಳಿದರು. ಗಾಡಿಗೆ ತೊಂದರೆ ಆಗಬಾರದು ಅನ್ನುವ ಮರ್ಯಾದೆ ಅದು. ನಾವು ಕೆಲಸದವರು, ಮುಂಚಿನಿಂದಲೂ ಹಾಗೇ. ಎತ್ತು ಏರು ಹತ್ತುವಾಗ ಗಾಡಿಯಿಂದ ಇಳಿದು ನಡೆಯುವ ಜನ.

ಅಕ್ಕ ಸೆರಗು ಕೊಡವಿಕೊಂಡು, "ಮೇಸ್ತ್ರಿಗೋಳೇ, ದಿನಾ ಕೂರೋರು ನಾವು. ನಮ್ಮನ್ನ ಇಳಿಸ್ಬುಟ್ಟು ತೂಕ ನೋಡುದ್ರೆ ಯಾರ್ ತೂಕ ನೋಡ್ದಂಗಾಯ್ತು?" ಅಂದಳು.

"ನಿನ್ ತೂಕಕ್ಕೆ ಲಾರೀನೇ ತರ್ಬೇಕು ಕಣಕ್ಕ" ಅಂದಳು ಇನ್ನೊಬ್ಬಳು. ಎಲ್ಲರೂ ನಕ್ಕೆವು. ಅಕ್ಕ ಒಣಗಿದ ಕಡ್ಡಿಯಂಥ ಹೆಂಗಸು. ಅವಳೂ ನಕ್ಕಳು.

ಯಜಮಾನರು ಮಿಷನ್ನನ್ನು ಮೊದಲು ಬಿಳಿಯದಕ್ಕೆ ಸಿಕ್ಕಿಸಿ ಅರ್ಧ ಬೆಟ್ಟದವರೆಗೆ ಹೋಗಿ ಬಂದರು, ಆಮೇಲೆ ನೀಲಿಯದಕ್ಕೆ. ಎರಡೂ ಹತ್ತಿದವು. ಇಳಿದು ಬಂದು ಮುಖ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಹೇಳಿದರು: "ನೀಲೀದು ಇಳಿಜಾರಲ್ಲಿ ನೆಲ ಕಚ್ಕೊಂಡ್ ಬರುತ್ತೆ. ಬಿಳೀದು ಒಂಚೂರು ತೇಲುತ್ತೆ, ಹಿಂದಿಂದ ಮಿಷನ್ನು ತಳ್ತಾ ಇರುತ್ತೆ. ನನ್ ಮನಸ್ಸು ನೀಲೀದಕ್ಕೇ. ಆದ್ರೆ ಮನೆ ಹತ್ರ ಜಾಗ ಸಾಲುತ್ತಾ? ನೀನ್ ಅಳತೆ ನೋಡು."

ಸಾಹೇಬರು ಒಂದು ಹಗ್ಗ ಕೊಟ್ಟರು. ಕನ್ನಡಿ ಸೇರಿಸಿ ಎರಡು ಗಾಡಿಯ ಅಗಲಕ್ಕೂ ಅದರಲ್ಲಿ ಒಂದೊಂದು ಗಂಟು ಹಾಕಿದರು. ಹತ್ತಿರದ ಗಂಟು ಬಿಳಿಯದು, ದೂರದ್ದು ನೀಲಿಯದು. ಮಾರನೆಯ ದಿನ ತಾರಸಿ ಇರಲಿಲ್ಲ, ಹೆಂಗಸರಿಗೆ ಬಿಡುವು. ಯಜಮಾನರು ಯಾರದೋ ಗೋಡೆ ಕೆಲಸಕ್ಕೆ ಹೋದ ಮೇಲೆ, ಗಾಡಿ ನಿಲ್ಲಬೇಕಾದ ಜಾಗದಲ್ಲಿ ಪಕ್ಕದ ಮನೆಯ ಗೋಡೆಯಿಂದ ನಮ್ಮ ಕಟ್ಟೆಯವರೆಗೆ ಹಗ್ಗ ಹಿಡಿದೆ. ಬಿಳಿಯದರ ಗಂಟು ಕಟ್ಟೆಗಿಂತ ಈಚೆಗೇ ನಿಂತಿತು. ನೀಲಿಯದರ ಗಂಟು ಕಟ್ಟೆಯ ಮೇಲೆ ಬಂತು, ಅಂಚಿನಿಂದ ನಾಲ್ಕು ಬೆರಳು ಒಳಕ್ಕೆ.

ನಾಲ್ಕು ಬೆರಳು ಉಳಿ ಹಿಡಿದು ಕೆತ್ತಿದರೆ ಮುಗಿಯುತ್ತಿತ್ತು. ಆದರೆ ಯಜಮಾನರ ಸ್ವಭಾವ ನನಗೆ ಗೊತ್ತು. ಅವರು ಕೆತ್ತುವವರಲ್ಲ. ಒಡೆಯಲು ಶುರುಮಾಡಿದರೆ, 'ಇರ್ಲಿ ಬಿಡು, ಗಾಡಿ ತಿರುಗ್ಸೋಕೂ ಆಗುತ್ತೆ' ಅಂತ ಪೂರ್ತಿ ಒಡೆದು ನೆಲ ಮಾಡುವವರು. ಇಡೀ ಕಟ್ಟೆಯೇ ಹೋಗಬೇಕು ಅಂತ ಮೊದಲೇ ಗೊತ್ತಾದರೆ ಮಾತ್ರ ಅದಕ್ಕೆ ಕೈಹಾಕುವವರಲ್ಲ. ಸಂಜೆ ಅವರು ಕೈಕಾಲು ತೊಳೆಯುತ್ತಾ ಕೇಳಿದರು.

"ಎಂಗಾಯ್ತು ಅಳತೆ?"

"ನೀಲೀದಕ್ಕೆ ಒಂದು ಮೊಳ ಸಾಲಲ್ಲ" ಅಂದೆ.

"ಒಂದ್ ಮೊಳಾನಾ?" ಅಂದರು. ಟವೆಲ್ಲು ಹೆಗಲಿಗೆ ಹಾಕಿಕೊಂಡರು. "ಅಂಗಾದ್ರೆ ಬಿಳೀದೇ ಆಗ್ಲಿ ಬಿಡು. ಎಳೆಯೋದಂತೂ ಎಳೆಯುತ್ತೆ."

ಬಿಳಿಯದು ಬಂತು. ಕಟ್ಟೆ ಉಳಿಯಿತು. ಬೆಳಿಗ್ಗೆ ಹೆಂಗಸರು ಕಟ್ಟೆಯ ಮೇಲೆ ಟೀ ಕುಡಿದು ಅಲ್ಲಿಂದಲೇ ಗಾಡಿ ಹತ್ತುತ್ತಿದ್ದರು. ಕಟ್ಟೆಯಿಂದ ಗಾಡಿಗೆ ಒಂದೇ ಹೆಜ್ಜೆ. ನನಗೆ ನನ್ನ ಜಾಣತನದ ಬಗ್ಗೆ ಒಳಗೊಳಗೇ ಖುಷಿಯಾಗಿತ್ತು. ಇದನ್ನೂ ಬರೆದುಬಿಡಬೇಕು.

ಅಕ್ಕ ಗಾಡಿಯ ತೀರಾ ಹಿಂದೆ ಕೂರುತ್ತಿದ್ದಳು. ಹಿಂದಿನ ಬಾಗಿಲು ಇಳಿಬಿಟ್ಟು, ಕಾಲು ಹೊರಗೆ ಹಾಕಿ, ಮಿಷನ್ನಿನ ಕಡೆ ಮುಖ ಮಾಡಿ. ಮೂಕಿಯ ಕೊಂಡಿ ಕಳಚಿದರೆ ಮೊದಲು ಕೂಗಬೇಕಾದವಳು ತಾನು ಅಂತ ಅವಳೇ ವಹಿಸಿಕೊಂಡ ಕೆಲಸ ಅದು. "ಅದು ನನ್ ಸೊಸೆ ಇದ್ದಂಗೆ. ಕಣ್ ತಪ್ಪಿದ್ರೆ ಓಡೋಯ್ತದೆ" ಅನ್ನುತ್ತಿದ್ದಳು.

ಒಂದು ವರ್ಷ ಏನೂ ಆಗಲಿಲ್ಲ. ಆಮೇಲೊಂದು ದಿನ ಬೆಟ್ಟದ ಆಚೆಯ ಬಡಾವಣೆಯಲ್ಲಿ ತಾರಸಿ ಹಾಕಿ, ಮನೆಯವರು ಹಾಕಿದ ಬಾಡೂಟ ಉಂಡು, ಮಧ್ಯಾಹ್ನ ಮೂರರ ಹೊತ್ತಿಗೆ ವಾಪಸ್ಸು ಬರುತ್ತಿದ್ದರು. ಗಾಡಿಯಲ್ಲಿ ಒಂಬತ್ತು ಜನ, ಬಾಂಡ್ಲಿ, ಸಲಿಕೆ, ಹಿಂದೆ ಮಿಷನ್ನು. ಇಳಿಜಾರು. ಒಂದು ಹಸು ರಸ್ತೆಗೆ ಬಂತು. ಯಜಮಾನರು ಬ್ರೇಕು ಒತ್ತಿದರು. ಗಾಡಿ ನಿಂತಿತು, ಮಿಷನ್ನು ನಿಲ್ಲಲಿಲ್ಲ. ಅದು ಹಿಂದಿನಿಂದ ಹಗುರವಾದ ಗಾಡಿಯನ್ನು ತಳ್ಳಿ, ಗಾಡಿಯ ಬೆನ್ನು ಪಕ್ಕಕ್ಕೆ ತಿರುಗಿ, ಮೂಕಿ ಮಡಚಿಕೊಂಡು, ಮಿಷನ್ನಿನ ಚಕ್ರ ಬಂದು ಅಕ್ಕನ ಎಡಗಾಲನ್ನು ಗಾಡಿಗೆ ಅದುಮಿತು. ಹಸುವಿಗೆ ಏನೂ ಆಗಲಿಲ್ಲ. ಉಳಿದ ಎಂಟು ಜನಕ್ಕೆ ತರಚು ಗಾಯ.

ಆಸ್ಪತ್ರೆಯಲ್ಲಿ ಪಾದ ಉಳಿಸಿದರು, ಬೆರಳು ಉಳಿಯಲಿಲ್ಲ. ನಾನು ಹೋದಾಗ ಅಕ್ಕ ಎಚ್ಚರವಾಗಿದ್ದಳು. "ಮಿಷನ್ನಿಗೇನಾರ ಆಯ್ತಾ?" ಅಂತ ಕೇಳಿದಳು. ಇಲ್ಲ ಅಂದೆ. "ಸೊಸೆ ಅಂದಿದ್ದಕ್ಕೆ ಸೇಡು ತೀರಿಸ್ಕಂಡ್ಲು ನೋಡು" ಅಂದಳು. ನಾನು ಹೊರಗೆ ಬಂದು ಕಾರಿಡಾರಿನಲ್ಲಿ ನಿಂತೆ. ಮೊಳ ಅಂದ ಮಾತು ಬಾಯಿಗೆ ಬರುತ್ತಿತ್ತು, ವಾಪಸ್ಸು ಹೋಗುತ್ತಿತ್ತು. ಆಗ ಹೇಳಬೇಕಿತ್ತು. ಹೇಳಲಿಲ್ಲ.

ಅವಳ ರೂಮು ಖಾಲಿ ಮಾಡಿಸಿ ನಮ್ಮ ಮನೆಯ ಮುಂದಿನ ಕೋಣೆಗೆ ಕರೆದುಕೊಂಡು ಬಂದೆವು. ಬಾಂಡ್ಲಿ ಹೊರುವುದು ಮುಗಿಯಿತು. ಇಡೀ ದಿನ ಕಟ್ಟೆಯ ಮೇಲೆ ತನ್ನ ಮೂಲೆಯಲ್ಲಿ ಕೂರುತ್ತಿದ್ದಳು. ಬೆಳಿಗ್ಗೆ ಹೆಂಗಸರು ಕೆಲಸಕ್ಕೆ ಹೊರಟಾಗ ಅವರ ಸಿಂಬಿಗಳನ್ನು ಒಬ್ಬೊಬ್ಬರದಾಗಿ ಬಿಗಿಯಾಗಿ ಸುತ್ತಿ ಕೊಡುತ್ತಿದ್ದಳು. ಅವರು ಹೋದ ಮೇಲೆ ಸ್ವಲ್ಪ ಹೊತ್ತು ಅವಳ ಕೈ ಸುಮ್ಮನೆ ಮಡಿಲಲ್ಲಿ ಇರುತ್ತಿತ್ತು. ನಾನು ಆ ಹೊತ್ತಿನಲ್ಲಿ ಒಳಗೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಕಾಲಿಗೆ ಎಣ್ಣೆ ಹಚ್ಚುವ ಕೆಲಸವನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಅದನ್ನು ನೋಡಿದವರು ಸ್ವಂತ ತಂಗಿಯೂ ಹೀಗೆ ನೋಡಿಕೊಳ್ಳುವುದಿಲ್ಲ ಅನ್ನುತ್ತಿದ್ದರು. ಅದನ್ನು ಕೇಳುವುದೇ ನನಗೆ ಕಷ್ಟ.

ಅಂದಿನಿಂದ ಯಜಮಾನರು ಮಿಷನ್ನು ಸಿಕ್ಕಿಸಿದ್ದಾಗ ಯಾರನ್ನೂ ಗಾಡಿಗೆ ಹತ್ತಿಸಲಿಲ್ಲ. ಹೆಂಗಸರು ಬಸ್ಸಿನಲ್ಲಿ ಹೋಗಿ, ಇಳಿದು, ಮೈಲಿಗಟ್ಟಲೆ ನಡೆಯಬೇಕಾಗಿತ್ತು. ಇಬ್ಬರು ಬಿಟ್ಟುಹೋದರು. ಯಜಮಾನರು ಎಲ್ಲೇ ಇಳಿಜಾರು ಬರಲಿ ಮೊದಲನೇ ಗೇರಿನಲ್ಲೇ ಇಳಿಯುತ್ತಿದ್ದರು. ಮಾತೂ ಮೊದಲನೇ ಗೇರಿಗೆ ಬಂತು. ಹೀಗೆ ನಾಲ್ಕು ವರ್ಷ ಕಳೆದ ಮೇಲೆ ಒಂದು ಸಂಜೆ, "ಮುಕ್ಕಾಲು ಟನ್ನಿಂದು ಒಂದ್ ಸಿಕ್ಕಿದೆ. ಅದೇ ಸಾಹೇಬ್ರ ಹತ್ರ, ಅದೇ ಜಾತಿ ಗಾಡಿ, ಅದೇ ಅಳತೆ. ಕಟ್ಟೆ ಒಡೆಯದೆ ಆಗಲ್ಲ" ಅಂದರು.

ನಾನು ಅಕ್ಕನ ಮುಖ ನೋಡಿದೆ.

"ಒಡೀರಿ" ಅಂದಳು ಅಕ್ಕ. "ನಾಕ್ ಜನ ಎಣ್ಮಕ್ಕಳು ಗಾಡೀಲಿ ಓದಂಗಾಯ್ತದೆ. ಕಟ್ಟೆ ಏನ್ ದೇವಸ್ಥಾನ್ವಾ?"

ನೋಟ್‌ಬುಕ್ಕಿನ ಆ ಪುಟದ ದಿನ, ಬೆಳಿಗ್ಗೆ ಯಜಮಾನರು ಗಾಡಿ ತಂದು ಗಲ್ಲಿಯಲ್ಲಿ ನಿಲ್ಲಿಸಿದರು. ಟೇಪು ತಗೊಂಡು ಮೊದಲು ಗಾಡಿಯ ಅಗಲ ಹಿಡಿದರು, ಆಮೇಲೆ ಪಕ್ಕದ ಮನೆ ಗೋಡೆಯಿಂದ ಕಟ್ಟೆಯವರೆಗೆ. ಇನ್ನೊಂದು ಸಲ ಹಿಡಿದರು. ಕಟ್ಟೆಯ ಮೇಲೆ ಒಂದು ಗೀಟು ಎಳೆದು, ಆ ಗೀಟಿಗೂ ಅಂಚಿಗೂ ನಡುವೆ ಕೈ ಇಟ್ಟು ನೋಡಿದರು. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳು ಸರಿಯಾಗಿ ಕೂತವು. ನಾನು ಬಾಗಿಲಲ್ಲಿ ಬಾಂಡ್ಲಿ ಕೆರೆಯುತ್ತಿದ್ದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಟೇಪು ಸುತ್ತಿಕೊಂಡರು, ಅಷ್ಟೇ.

ಆವತ್ತು ಅವರು ಕೆತ್ತಲೇ ಹೊರಟರು. ಉಳಿ ಇಟ್ಟು ನಿಧಾನವಾಗಿ ನಾಲ್ಕೇ ಬೆರಳು. ಆದರೆ ಆರಿದ ಕಾಂಕ್ರೀಟಿನ ಮೇಲೆ ಇನ್ನೊಂದು ದಿನದ್ದನ್ನು ಸುರಿದರೆ ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ, ಒಂದರ ಮೇಲೊಂದು ಕೂತಿರುತ್ತವೆ ಅಷ್ಟೇ. ಮಿಷನ್ನು ನಡುವೆ ನಿಲ್ಲಿಸಬಾರದು ಅನ್ನುವುದು ಅದಕ್ಕೇ. ಹತ್ತನೆಯ ಏಟಿಗೆ ಮೇಲಿನ ಪದರ ಎದ್ದು ಬಂತು, ಆಮೇಲೆ ಅದರ ಕೆಳಗಿನದು. ಮಧ್ಯಾಹ್ನದ ಹೊತ್ತಿಗೆ ಇಡೀ ಕಟ್ಟೆ ಹಪ್ಪಳದಂತೆ ಬಿಚ್ಚಿಕೊಂಡು ಬಿದ್ದಿತ್ತು. ಅಕ್ಕ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. "ಆ ಕಪ್ನೇದು ನೋಡು, ಅದು ಮೇಷ್ಟ್ರ ಮನೇದು. ಆವತ್ತು ಪಾಯಸ ಆಕಿದ್ರು" ಅಂತ ಒಂದೊಂದು ಪದರವನ್ನೂ ಗುರುತು ಹಿಡಿದಳು.

ಪೂಜೆಗೆ ಬೆಟ್ಟಕ್ಕೆ ಹೋಗುವಾಗ ಅಕ್ಕ ಮುಂದೆ, ಯಜಮಾನರ ಪಕ್ಕ ಕೂರಬೇಕು ಅಂತ ನಾನು ಮನಸ್ಸಿನಲ್ಲೇ ಹರಕೆ ಹೊತ್ತಂತೆ ಇಟ್ಟುಕೊಂಡಿದ್ದೆ. ಈ ಗಾಡಿ ಎತ್ತರ. ಬಿಳಿಯದಕ್ಕೆ ಕಟ್ಟೆಯಿಂದ ಒಂದೇ ಹೆಜ್ಜೆ ಇತ್ತು, ಇದಕ್ಕೆ ಈಗ ಕಟ್ಟೆಯೇ ಇರಲಿಲ್ಲ. ಒಡೆದ ಕಟ್ಟೆಯದೇ ಒಂದು ದಪ್ಪ ತುಂಡನ್ನು ಉರುಳಿಸಿ ಬಾಗಿಲ ಕೆಳಗಿಟ್ಟೆ. ಅಕ್ಕ ಅದರ ಮೇಲೆ ಬಲಗಾಲಿಟ್ಟಳು, ಎಡಗಾಲೂರಿ ಮೈ ಎತ್ತಲು ನೋಡಿದಳು. ಕಾಲು ಒಪ್ಪಲಿಲ್ಲ. ಎತ್ತಿ ಕೂರಿಸುತ್ತೇವೆ ಅಂದೆವು.

"ಬುಡ್ರಪ್ಪ, ನಾನೇನ್ ಸಿಮೆಂಟ್ ಮೂಟೇನಾ? ನೀವು ಓಗ್ಬನ್ನಿ, ತಾಯಿಗೆ ನನ್ನೆಸ್ರೇಳಿ ಕೈಮುಗೀರಿ" ಅಂದು ಆ ತುಂಡಿನ ಮೇಲೇ ಕೂತುಬಿಟ್ಟಳು.

ಬೆಟ್ಟದಲ್ಲಿ ಪೂಜೆಯಾಯಿತು. ಕುಂಬಳಕಾಯಿ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಗಾಡಿ ಹರಿಸಿದರು. ಇಳಿಯುವಾಗ ಗಾಡಿ ನಿಜಕ್ಕೂ ನೆಲ ಕಚ್ಚಿಕೊಂಡು ಬಂತು. ಅರ್ಧ ದಾರಿಯವರೆಗೂ ಯಜಮಾನರು ಮಾತಾಡಲಿಲ್ಲ. ಆಮೇಲೆ ರಸ್ತೆಯನ್ನೇ ನೋಡುತ್ತಾ, "ನಾಲ್ಕ್ ವರ್ಷದಿಂದ ನಾನು, ಬ್ರೇಕು ಜೋರಾಗಿ ಒತ್ಬುಟ್ನೇನೋ ಅಂತಲೇ ಅಂದ್ಕೊಂಡಿದ್ದೆ ಕಣೇ" ಅಂದರು.

ನಾನು ಪ್ರಸಾದದ ಕಾಯಿ ಉರುಳದ ಹಾಗೆ ಮಡಿಲಿಗೆ ಎತ್ತಿಕೊಂಡೆ.

ವಾಪಸ್ಸು ಬಂದಾಗ ಹೊತ್ತು ಇಳಿಯುತ್ತಿತ್ತು. ಅಕ್ಕ ಅದೇ ತುಂಡಿನ ಮೇಲೆ ಕೂತು ಮೊರದ ತುಂಬ ಅವರೆಕಾಯಿ ಸುಲಿದಿಟ್ಟು, ಉಳಿದ ನಾಲ್ಕನ್ನು ಸುಲಿಯುತ್ತಿದ್ದಳು. ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಹಣೆಗೆ ಕುಂಕುಮ ಇಟ್ಟೆ. ಆಮೇಲೆ ಹೇಳಿದೆ. ಹಗ್ಗ, ಗಂಟು, ನಾಲ್ಕು ಬೆರಳು, ಒಂದು ಮೊಳ, ಎಲ್ಲ. ಕಟ್ಟೆ ಉಳಿಸಿಕೊಳ್ಳಲು ಸುಳ್ಳು ಹೇಳಿದೆ ಅಂದೆ.

ಅಕ್ಕ ಸುಲಿಯುವುದು ನಿಲ್ಲಿಸಲಿಲ್ಲ.

"ಹಗ್ಗದ ಆ ಕಡೆ ತುದಿ ಯಾರ್ ಇಡ್ಕಂಡಿದ್ರು?" ಅಂತ ಕೇಳಿದಳು.

ಆ ಕ್ಷಣದವರೆಗೆ ನನಗೆ ಅದು ನೆನಪೇ ಇರಲಿಲ್ಲ. ಪಕ್ಕದ ಮನೆ ಗೋಡೆಗೆ ಹಗ್ಗದ ತುದಿ ಒತ್ತಿ ಹಿಡಿದು, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ನಿಂತಿದ್ದವಳು ಅಕ್ಕ. ಒಬ್ಬಳೇ ಹೇಗೆ ಅಳೆದೆ ಅಂತ ಇಷ್ಟು ವರ್ಷ ನಾನು ಕೇಳಿಕೊಂಡೇ ಇರಲಿಲ್ಲ.

"ನಾಕ್ ಬೆಳ್ಳು ಅಂತ ನಾನೂ ಕಂಡಿದ್ದೆ ಕಣವ್ವ. ಸಂಜೆ ನೀನು ಮೊಳ ಅಂದಾಗ ಇಲ್ಲೇ ಮೂಲೇಲಿ ಕೂತಿದ್ದೆ. ಕೇಳುಸ್ತು. ಸುಮ್ಕಿದ್ದೆ." ಒಂದು ಕಾಯಿಯಲ್ಲಿ ಹುಳು ಇತ್ತು, ತೆಗೆದು ಎಸೆದಳು. "ನಂಗೂ ಕಟ್ಟೆ ಬೇಕಾಗಿತ್ತು. ಆ ರೂಮ್ನಲ್ಲಿ ಗೋಡೆ ನೋಡ್ಕಂಡು ಎಷ್ಟೊತ್ತು ಅಂತ ಕೂರ್ಲಿ?"

ನಾನು ಅತ್ತೆ. ಅವಳು ಅಳಲಿಲ್ಲ. "ಅಳ್ಬೇಡ, ಕಾಳಿಗೆ ಉಪ್ಪು ಜಾಸ್ತಿ ಆಯ್ತದೆ" ಅಂದಳು. ಮೊರ ಎತ್ತಿ ನನ್ನ ಕೈಗೆ ಕೊಟ್ಟಳು. ಹೇಳಿಬಿಟ್ಟರೆ ಎದೆ ಹಗುರಾದೀತು ಅಂದುಕೊಂಡಿದ್ದೆ. ಆಗಲಿಲ್ಲ. ನಾಲ್ಕು ವರ್ಷ ಬೆಳಿಗ್ಗೆ ಬೆಳಿಗ್ಗೆ ನಾನು ಎಣ್ಣೆ ತಿಕ್ಕುವಾಗ ಅವಳು ಸೂರು ನೋಡುತ್ತಾ ಕೂತಿರುತ್ತಿದ್ದದ್ದು ನೋವಿಗೆ ಅಂತ ತಿಳಿದಿದ್ದೆ.

ರಾತ್ರಿಗೆ ಮುದ್ದೆ, ಅವರೆಕಾಳಿನ ಸಾರು. ಬೆಟ್ಟದಿಂದ ತಂದ ಪ್ರಸಾದದ ಕಾಯಿಯನ್ನೂ ತುರಿದು ಸಾರಿಗೇ ಹಾಕಿದೆ. ಯಜಮಾನರು ಎರಡು ಮುದ್ದೆ ಉಂಡರು. ಅಕ್ಕ ಅರ್ಧ ಉಂಡು, ಉಳಿದರ್ಧ ನನ್ನ ತಟ್ಟೆಗೆ ಇಟ್ಟಳು. ಮೊದಲು ಮಲಗಿದ್ದು ಅಕ್ಕ.